ತಂಗಿಯ ರಕ್ತ, ಅಣ್ಣನ ಮಾತು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಕಲಿಸುವವರ ಕಾಲ ಕೆಳಗೆ. ಈ ಊರಿನ ಅರ್ಧ ಜನ ಬದುಕಿರುವುದೇ ತನ್ನ ಕಾಲ ಕೆಳಗಿನ ಬ್ರೇಕಿನಿಂದ ಎಂದು ಹೇಳಿಕೊಂಡು ತಿರುಗುವ ಹೆಂಗಸಿಗೆ ಬ್ರೇಕಕ್ಕ ಎಂಬ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಲೈಸೆನ್ಸ್ ಕೊಡುವ ಕಚೇರಿಯ ಗುಮಾಸ್ತರು ಕೂಡ ಹಾಗೆಯೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಆಳು ಕುಳ್ಳಿ. ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂರುತ್ತಿದ್ದಳು. ಆದರೆ ಗಂಟಲು ಮಾತ್ರ ಲಾರಿಯ ಹಾರನ್ನು. "ಕ್ಲಚ್ ಬಿಡೋದು ಅಂದ್ರೆ ನಿದ್ದೆ ಹೋಗಿರೋ ಮಗು ತಲೆ ಕೆಳಗಿಂದ ಕೈ ತೆಗೆದ ಹಾಗೆ ಕಣ್ರೀ, ಬಾವೀಲಿ ಬಿಂದಿಗೆ ಬಿಟ್ಟ ಹಾಗಲ್ಲ!" ಎಂದು ಅವಳು ಕೂಗಿದರೆ ಪಕ್ಕದ ಸೈಕಲ್ಲಿನವನೂ ಕಾಲು ನೆಲಕ್ಕೆ ಊರುತ್ತಿದ್ದ. "ಆ ಕನ್ನಡಿ ಇರೋದು ಹಿಂದೆ ಬರೋರನ್ನ ನೋಡೋಕೆ, ನಿಮ್ಮ ಕ್ರಾಪು ನೋಡ್ಕೊಳ್ಳೋಕಲ್ಲ" ಎಂದು ದೊಡ್ಡ ದೊಡ್ಡ ಅಧಿಕಾರಿಗಳಿಗೂ ಹೇಳಿದವಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಗಂಡಸು ಸ್ಟೇರಿಂಗ್ ಹಿಡಿದ್ರೆ ನನ್ನ ಮಾತು ಕೇಳಲ್ಲ, ನಾನು ಹಿಡಿದ್ರೆ ಅವನು ಬಾಯಿ ಮುಚ್ಚಲ್ಲ. ಎರಡರಲ್ಲೂ ಆ್ಯಕ್ಸಿಡೆಂಟೇ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಆ ಮಾತಿನ ಹಿಂದೆ ಏನಾದರೂ ಇತ್ತೋ ಇಲ್ಲವೋ ಎಂದು ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಸ್ಕೂಲೆಂದರೆ ಒಂದು ಗಾಜಿನ ಬಾಗಿಲ ಕೋಣೆ. ಗೋಡೆಯ ಮೇಲೆ ರಸ್ತೆಯ ಸೂಚನೆಗಳ ದೊಡ್ಡ ಪಟ, ಮೂರು ಕುರ್ಚಿ, ಒಂದು ಫೋನು. ಹಿಂದುಗಡೆ ಅವಳ ಎರಡು ಕೋಣೆಯ ಮನೆ. ಅವಳಿಗೆ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣನದು ಮುಖ್ಯರಸ್ತೆಯಲ್ಲಿ ಟೈಲ್ಸ್ ಮತ್ತು ಬಚ್ಚಲುಮನೆ ಸಾಮಾನಿನ ಅಂಗಡಿ. ಮಾತು ಜೋರು, ನಗು ಜೋರು, ನಾಲ್ಕು ಜನರ ಎದುರಿಗಂತೂ ಎದೆಯೂ ಜೋರು. ತಂಗಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಗೆ ಚೀಟಿ ಪಿನ್ ಮಾಡುವವಳು. ದಿನವಿಡೀ ಪಿನ್ನು ಚುಚ್ಚುವುದೇ ಕೆಲಸವಾದರೂ, ಆಸ್ಪತ್ರೆಯ ಸೂಜಿ ಕಂಡರೆ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದಳು. ಹುಟ್ಟಿದಾಗಿನಿಂದ ಅಣ್ಣ ಅಕ್ಕನ ನೆರಳಿನಲ್ಲೇ ಬೆಳೆದವಳಿಗೆ ಸ್ವಂತ ನೆರಳು ಇದೆಯೆಂಬುದೇ ಮರೆತುಹೋದಂತಿತ್ತು.

ಕಾಯಿಲೆ ಗೊತ್ತಾದದ್ದು ಸೀಟ್ ಬೆಲ್ಟಿನಿಂದ. ನಿವೃತ್ತ ಹೆಡ್‌ಮಾಸ್ತರೊಬ್ಬರು ಪೆಟ್ರೋಲ್ ಬಂಕಿನ ಎದುರಿಗೆ ಬ್ರೇಕೆಂದು ತಿಳಿದು ಆ್ಯಕ್ಸಿಲರೇಟರ್ ಒತ್ತಿಬಿಟ್ಟರು. ಬ್ರೇಕಕ್ಕ ತನ್ನ ಕಡೆಯ ಬ್ರೇಕನ್ನು ಎರಡೂ ಕಾಲಲ್ಲಿ ತುಳಿದಳು. ಕಾರು ಪೆಟ್ರೋಲ್ ಹಾಕುವವನ ಮೊಣಕಾಲಿಗೆ ಮುತ್ತು ಕೊಡುವಷ್ಟು ಹತ್ತಿರ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಾಸ್ತರರಿಗೆ ನೀರು ಕುಡಿಸಿ, "ಪಾಠ ಮಾಡೋವಾಗ ಹುಡುಗರನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ರಲ್ಲ ಸಾರ್, ನಿಮ್ಮನ್ನ ಎಲ್ಲಿ ನಿಲ್ಲಿಸ್ಲಿ?" ಎಂದು ನಗಿಸಿ ಮನೆಗೆ ಕಳಿಸಿದಳು. ಆದರೆ ಮಾರನೆಯ ದಿನ ಸ್ನಾನಕ್ಕೆ ಹೋದಾಗ ಭುಜದಿಂದ ಸೊಂಟದವರೆಗೆ ಬೆಲ್ಟಿನಗಲ ಕಪ್ಪು ಪಟ್ಟೆ ಎದ್ದಿತ್ತು. ವಾರ ಕಳೆದರೂ ಅದು ಮಾಸುವ ಬದಲು ಹರಡಿತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಗೆ ಕೊಟ್ಟ ದಿನವೇ ಲ್ಯಾಬಿನವರು ಫೋನು ಮಾಡಿ ದೊಡ್ಡಾಸ್ಪತ್ರೆಗೆ ಓಡಿ ಎಂದರು.

ರಕ್ತದ ಕ್ಯಾನ್ಸರ್ ಎಂದಳು ಡಾಕ್ಟರಮ್ಮ. ಸುತ್ತಿ ಬಳಸಿ ಹೇಳುವ ಜಾತಿಯವಳಲ್ಲ, ಆದರೆ ಹೇಳುವಾಗ ಎದುರಿನವರ ಮುಖ ಬಿಟ್ಟು ಕಿಟಕಿ ನೋಡುವವಳೂ ಅಲ್ಲ. ಮೊದಲು ಔಷಧಿ ಹಾಕಿ ಕಾಯಿಲೆಯನ್ನು ಅಡಗಿಸುತ್ತೇವೆ, ಆದರೆ ಈ ಜಾತಿಯದು ಮತ್ತೆ ತಲೆ ಎತ್ತುತ್ತದೆ, ಬೇರೆಯವರ ಅಸ್ಥಿಮಜ್ಜೆ ಕಸಿ ಮಾಡಿದರೇ ಬಾಳಿಕೆ ಎಂದಳು. ಬ್ರೇಕಕ್ಕನ ಕೂದಲು ಉದುರಿತು, ನಾಲಿಗೆ ಹುಣ್ಣಾಯಿತು, ಕಾಯಿಲೆ ಅಡಗಿತು. ಯಾರ ಮಜ್ಜೆ ಹೊಂದುತ್ತದೆಂದು ನೋಡಲು ಅಣ್ಣ, ತಂಗಿ ಇಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ತಂಗಿ ಕೊಡುವಾಗಲೇ ಕುರ್ಚಿಯಿಂದ ಜಾರಿದಳು, ನರ್ಸು ಹಿಡಿದುಕೊಂಡಳು.

ಫಲಿತಾಂಶ ಹೇಳುವ ದಿನ ಮೂವರೂ ಡಾಕ್ಟರಮ್ಮನ ಎದುರು ಕೂತಿದ್ದರು.

"ಇಬ್ಬರದೂ ನಿಮಗೆ ಪೂರ್ತಿ ಹೊಂದುತ್ತೆ. ಇಂಥ ಅದೃಷ್ಟ ಎಲ್ಲರಿಗೂ ಬರಲ್ಲ" ಎಂದಳು ಡಾಕ್ಟರಮ್ಮ. "ಆದ್ರೆ ನಾನು ನಿಮ್ಮಣ್ಣನ್ನ ಆರಿಸ್ತೀನಿ. ಯಾಕೆ ಅಂತ ಹೇಳ್ತೀನಿ ಕೇಳಿ. ಒಂದು ವೈರಸ್ ಇದೆ, ಸಿ.ಎಂ.ವಿ. ಅಂತ. ಬಹಳ ಜನಕ್ಕೆ ಚಿಕ್ಕಂದಿನಲ್ಲೇ ನೆಗಡಿ ಜ್ವರದ ಹಾಗೆ ಬಂದು ಹೋಗಿರುತ್ತೆ. ಹೋಗುತ್ತೆ ಅನ್ನೋದು ಬರೀ ಮಾತು. ಅದು ಮೈ ಬಿಡಲ್ಲ, ಒಳಗೇ ಮಲಗಿರುತ್ತೆ. ನಿಮ್ಮ ಮೈಯಲ್ಲಿದೆ, ನಿಮ್ಮಣ್ಣನ ಮೈಯಲ್ಲೂ ಇದೆ. ಅವರ ರಕ್ತಕ್ಕೆ ಅದರ ಗುರುತು ಗೊತ್ತು, ಎದ್ರೆ ಹೇಗೆ ಬಡೀಬೇಕು ಅಂತಾನೂ ಗೊತ್ತು. ನಿಮ್ಮ ತಂಗಿಗೆ ಯಾವತ್ತೂ ಬಂದೇ ಇಲ್ಲ. ಅವರ ರಕ್ತ ನಿಮ್ಮೊಳಗೆ ಬಂದ್ರೆ, ವೈರಸ್ ಎದ್ದಾಗ ಅದಕ್ಕೆ ಏನು ಮಾಡಬೇಕು ಅಂತ ತಿಳಿಯೋ ಅಷ್ಟರಲ್ಲಿ ತಡ ಆಗಬಹುದು."

"ಅಂದ್ರೆ ಅಣ್ಣನ ರಕ್ತಕ್ಕೆ ಲೈಸೆನ್ಸ್ ಇದೆ, ಇವಳದು ಇನ್ನೂ ಎಲ್‌ಬೋರ್ಡು" ಎಂದಳು ಬ್ರೇಕಕ್ಕ.

ಡಾಕ್ಟರಮ್ಮ ನಕ್ಕಳು. ಅಣ್ಣ ಅದಕ್ಕಿಂತ ಜೋರಾಗಿ ನಕ್ಕ. "ತಗೊಳ್ಳಿ ಡಾಕ್ಟ್ರೇ, ಎಷ್ಟು ಬೇಕೋ ತಗೊಳ್ಳಿ. ಒಡಹುಟ್ಟಿದವಳಿಗಿಂತ ಹೆಚ್ಚಾ? ರಕ್ತ ಏನು, ಬೇಕಾದ್ರೆ ಜೀವಾನೇ ಕೊಡ್ತೀನಿ" ಎಂದು ತೋಳು ಮುಂದೆ ಚಾಚಿದ. ತನ್ನದು ಬೇಡವೆಂದಾಗ ತಂಗಿಯ ಮುಖದಲ್ಲಿ ಕಂಡದ್ದು ಸಮಾಧಾನವೋ ಅವಮಾನವೋ ಬ್ರೇಕಕ್ಕನಿಗೆ ಗೊತ್ತಾಗಲಿಲ್ಲ.

ಅಣ್ಣನ ಹೃದಯ, ಶ್ವಾಸಕೋಶ, ಬೆನ್ನು ಎಲ್ಲವನ್ನೂ ಪರೀಕ್ಷಿಸಿ ಗುಂಡುಕಲ್ಲಿನ ಹಾಗಿದ್ದಾರೆ ಎಂದರು. ಆಸ್ಪತ್ರೆಗೆ ಸೇರುವ ದಿನವೂ ನಿಶ್ಚಯವಾಯಿತು. ಬ್ರೇಕಕ್ಕ ಚೀಲ ಕಟ್ಟುತ್ತಿದ್ದ ದಿನ ಅಣ್ಣ ಅತ್ತಿಗೆ ಇಬ್ಬರೂ ಬಂದರು. ಅತ್ತಿಗೆಯ ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಅಣ್ಣ ಕೂರಲಿಲ್ಲ. ಗೋಡೆಯ ಪಟದಲ್ಲಿದ್ದ ಸೂಚನೆಗಳನ್ನು ಎಂದೂ ನೋಡದವನಂತೆ ಒಂದೊಂದಾಗಿ ನೋಡುತ್ತ ನಿಂತ.

"ಏನಣ್ಣಾ, ಲೈಸೆನ್ಸ್ ಪರೀಕ್ಷೆಗೆ ಓದ್ಕೋತಿದ್ದೀಯಾ?"

"ನೋಡಮ್ಮ" ಎಂದ ಅಣ್ಣ, ಪಟದ ಕಡೆಗೇ ಮುಖ ಮಾಡಿಕೊಂಡು. "ನಂಗೂ ವಯಸ್ಸಾಯ್ತು. ಬೆನ್ನು ಮೊದಲಿನ ಹಾಗಿಲ್ಲ. ತಂಗೀದೂ ಹೊಂದುತ್ತೆ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಅವಳು ಚಿಕ್ಕವಳು, ರಕ್ತ ಬೇಗ ಊರುತ್ತೆ."

"ಬೆನ್ನು ಚೆನ್ನಾಗಿದೆ ಅಂದ್ರಲ್ಲ?"

"ಅವರಿಗೇನು, ಹೇಳ್ತಾರೆ. ನೋವು ತಿನ್ನೋನು ನಾನು."

"ದುಡಿಯೋರು ಇವರೊಬ್ಬರೇ" ಎಂದಳು ಅತ್ತಿಗೆ. "ಹೆಚ್ಚುಕಮ್ಮಿ ಆದ್ರೆ ನಮ್ಮ ಗತಿ? ನಿಮಗಾದ್ರೆ ಹಿಂದಿಲ್ಲ ಮುಂದಿಲ್ಲ..." ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಅವಳಿಗೇ ತಿಳಿದು ನಿಲ್ಲಿಸಿದಳು. ಆದರೆ ಬಾಣ ಬಿಲ್ಲು ಬಿಟ್ಟಾಗಿತ್ತು.

ಹಿಂದೆ ಮುಂದೆ ಯಾರೂ ಇಲ್ಲದವಳು ಬದುಕಿದರೆಷ್ಟು, ಬಿಟ್ಟರೆಷ್ಟು. ಬ್ರೇಕಕ್ಕ ಆ ಮಾತಿನ ಉಳಿದರ್ಧವನ್ನು ತಾನೇ ಪೂರ್ತಿ ಮಾಡಿಕೊಂಡಳು. ಹೊಟ್ಟೆಗೆ ಹಾಕಿಕೊಂಡದ್ದು ಕ್ಷಮೆಯಲ್ಲ, ಕೆಂಡ. "ಆಯ್ತು ಬಿಡಣ್ಣ" ಎಂದಳು ಅಷ್ಟೆ. ಅವರು ಹೋದಮೇಲೆ ಕಿತ್ತಳೆ ಹಣ್ಣುಗಳನ್ನು ಎದುರುಮನೆಯವರಿಗೆ ಕೊಟ್ಟುಬಂದಳು.

ಡಾಕ್ಟರಮ್ಮ ಅಣ್ಣನಿಗೆ ಫೋನು ಮಾಡಿದಳು, ಅವನು ಜಗ್ಗಲಿಲ್ಲ. ಬಲವಂತ ಮಾಡುವ ಹಾಗಿಲ್ಲ, ಕೊಡುವವರು ತಾವಾಗಿ ಒಪ್ಪಬೇಕು ಎಂಬುದು ಅಲ್ಲಿನ ನಿಯಮ. ಸಂಜೆ ತಂಗಿ ಬಂದಳು. ಕೆಲಸದಿಂದ ನೇರ ಬಂದದ್ದು, ಸೆರಗಿನ ಅಂಚಿಗೆ ಇನ್ನೂ ನಾಲ್ಕಾರು ಪಿನ್ನು ಸಿಕ್ಕಿಸಿಕೊಂಡಿದ್ದಳು.

"ಅಕ್ಕಾ, ನಾನು ಕೊಡ್ತೀನಿ."

"ನೀನಾ? ಸೂಜಿ ನೋಡಿದ್ರೆ ಬೀಳ್ತೀಯ."

"ನೋಡಲ್ಲ. ಕಣ್ಣು ಮುಚ್ಕೊಂಡು ಕೊಡ್ತೀನಿ."

ಅವಳು ಕೊಟ್ಟದ್ದೂ ಹಾಗೆಯೇ. ಎರಡು ತೋಳಿಗೂ ಕೊಳವೆ ಚುಚ್ಚಿ, ಒಂದರಿಂದ ರಕ್ತ ತೆಗೆದು, ಯಂತ್ರದಲ್ಲಿ ಬೇಕಾದ್ದನ್ನು ಸೋಸಿಕೊಂಡು, ಇನ್ನೊಂದರಿಂದ ವಾಪಸು ಕೊಡುವ ಕೆಲಸ. ಅಷ್ಟೂ ಹೊತ್ತು ತಂಗಿ ರೆಪ್ಪೆ ಬಿಗಿಮಾಡಿ, ಹಲ್ಲು ಕಚ್ಚಿ, ಒಮ್ಮೆಯೂ ಪ್ರಜ್ಞೆ ತಪ್ಪದೆ ಮಲಗಿದ್ದಳಂತೆ. ಆಮೇಲೆ ಟೊಮ್ಯಾಟೊ ಸಾರಿನ ಬಣ್ಣದ ಸಣ್ಣ ಚೀಲವೊಂದನ್ನು ಬ್ರೇಕಕ್ಕನ ಹಾಸಿಗೆಯ ಪಕ್ಕದ ಕಂಬಕ್ಕೆ ತೂಗುಹಾಕಿದರು. ಅವಳ ಸ್ವಂತ ಮಜ್ಜೆಯನ್ನು ಅಷ್ಟರಲ್ಲಾಗಲೇ ಔಷಧಿ ಸುಟ್ಟಿತ್ತು. ಚೀಲ ಖಾಲಿಯಾಯಿತು. ಇಷ್ಟೇನಾ ಎಂದು ಕೇಳಿದಳು. ಇಷ್ಟೇ, ಇನ್ನು ಕಾಯೋದು ಎಂದಳು ನರ್ಸು.

ಅವಳ ಕೋಣೆಯ ಕಿಟಕಿಯ ಕೆಳಗೆ ನಾಲ್ಕು ರಸ್ತೆ ಕೂಡುವ ವೃತ್ತ. ಒಳಗೆ ಯಾರೂ ಬರುವಂತಿಲ್ಲ, ಬಂದರೂ ಮುಖಕ್ಕೆ ಮುಸುಕು. ಹಾಗಾಗಿ ಬ್ರೇಕಕ್ಕನಿಗೆ ಆ ವೃತ್ತವೇ ಸಂಸಾರ. ಗಾಜಿನ ಹಿಂದಿನಿಂದಲೇ ಕೆಳಗಿನವರಿಗೆ ಪಾಠ ಹೇಳುವಳು. "ಏ ಕೆಂಪು ಕಾರು, ಇಂಡಿಕೇಟರ್ ಯಾರಪ್ಪ ಹಾಕ್ತಾನೆ? ಬಸ್ಸಪ್ಪಾ, ನಿಂಗೇನು ಅಷ್ಟು ಅವಸರ, ಹೆರಿಗೆಗೆ ಹೊರಟಿದ್ದೀಯಾ?" ನರ್ಸುಗಳು ಡ್ರಿಪ್ ಬದಲಿಸಲು ಬಂದವರು ಒಂದು ನಿಮಿಷ ನಿಂತು ಕೇಳಿ ಹೋಗುತ್ತಿದ್ದರು. ತಂಗಿಯ ಜೀವಕಣಗಳು ಅವಳ ಮೂಳೆಯೊಳಗೆ ಬೇರುಬಿಟ್ಟವು. ರಕ್ತದ ಲೆಕ್ಕ ಏರತೊಡಗಿತು. ಡಾಕ್ಟರಮ್ಮ ಹೆಬ್ಬೆರಳೆತ್ತಿ ತೋರಿಸಿದಳು.

ಅದಾದ ಕೆಲವೇ ವಾರಕ್ಕೆ ಮಲಗಿದ್ದದ್ದು ಎದ್ದಿತು.

ಮೊದಲು ಅದು ಬರೀ ರಕ್ತಪರೀಕ್ಷೆಯಲ್ಲಿ ಕಂಡ ಒಂದು ಅಂಕಿ. ಮುಂದಿನ ಪರೀಕ್ಷೆಯಲ್ಲಿ ಆ ಅಂಕಿಗೆ ಬಾಲ ಬೆಳೆದಿತ್ತು. ಔಷಧಿ ಶುರುಮಾಡಿದರು. ಅದು ವೈರಸ್ಸನ್ನು ತುಳಿಯಿತು, ಜೊತೆಗೆ ಈಗಷ್ಟೇ ಮೊಳೆತಿದ್ದ ಹೊಸ ಮಜ್ಜೆಯನ್ನೂ ತುಳಿಯಿತು. ಕಳೆ ಕೀಳಲು ಹೋಗಿ ಪೈರನ್ನೇ ಕಿತ್ತಂತಾಯಿತು. ಬಿಳಿಯ ಕಣಗಳು ಪಾತಾಳಕ್ಕಿಳಿದವು. ಔಷಧಿ ಬದಲಿಸಿದರು. ಎರಡನೆಯದು ಮಜ್ಜೆಯನ್ನು ಬಿಟ್ಟು ಮೂತ್ರಪಿಂಡಕ್ಕೆ ಕೈ ಹಾಕಿತು. ಕಾಲು ಊದಿ ಕಂಬವಾಯಿತು. ಬಿಟ್ಟರೆ ವೈರಸ್ಸು, ಕೊಟ್ಟರೆ ಔಷಧಿ. ಅತ್ತ ದರಿ, ಇತ್ತ ಪುಲಿ. ಡಾಕ್ಟರಮ್ಮ ಮೊದಲಿನಂತೆ ಹೆಬ್ಬೆರಳು ತೋರಿಸುವುದನ್ನು ಬಿಟ್ಟು, ಹಾಸಿಗೆಯ ತುದಿಯಲ್ಲಿ ಕೂತು ಅವಳ ಕಾಲನ್ನು ಒತ್ತಿ ನೋಡುತ್ತಿದ್ದಳು. ಹೊಸ ರಕ್ತ ಇನ್ನೂ ಕಲೀತಿದೆ, ಕಲಿಯೋವರೆಗೂ ನಾವು ತಳ್ಳಬೇಕು ಎನ್ನುತ್ತಿದ್ದಳು.

ತಳ್ಳಿದರು. ಅಂಕಿ ಇಳಿಯಿತು. ಬ್ರೇಕಕ್ಕ ಮನೆಗೆ ಬಂದಳು. ಎರಡು ತಿಂಗಳು ಕಳೆಯುವುದರೊಳಗೆ ಜ್ವರ ಬಂದು ಮತ್ತೆ ಅದೇ ವಾರ್ಡು, ಅದೇ ಕಿಟಕಿ.

ಒಂದು ಬೆಳಿಗ್ಗೆ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ವೃತ್ತದ ಕಡೆಗೆ ನೀಲಿ ಸ್ಕೂಟರೊಂದು ಬರುತ್ತಿತ್ತು. ರಸ್ತೆಯ ಮಧ್ಯೆ ಅದು ಇದ್ದಕ್ಕಿದ್ದಂತೆ ಇಲ್ಲವಾಯಿತು. ಮರವಿಲ್ಲ, ಬಸ್ಸಿಲ್ಲ, ಅಡ್ಡ ಏನೂ ಇಲ್ಲ. ಮರುಕ್ಷಣ ಅದೇ ಸ್ಕೂಟರು ಆ ಕಡೆಯಿಂದ ಮೂಡಿಬಂದು ತನ್ನಪಾಡಿಗೆ ಹೋಯಿತು. ಬ್ರೇಕಕ್ಕ ಕಣ್ಣುಜ್ಜಿಕೊಂಡಳು. ಮುಂದಿನ ಕಾರನ್ನು ನೋಡಿದಳು. ಅದೂ ಅದೇ ಜಾಗದಲ್ಲಿ ಮುಳುಗಿ ಅದೇ ಜಾಗದಲ್ಲಿ ಎದ್ದಿತು. ಎಡಗಣ್ಣು ಮುಚ್ಚಿ ನೋಡಿದಳು. ರಸ್ತೆಯ ಅರ್ಧ ಭಾಗವೇ ಇರಲಿಲ್ಲ, ಅಲ್ಲಿ ಕೊಳೆ ನೀರಿನಂಥ ಬೂದು ಬಣ್ಣ, ಅದರಲ್ಲಿ ನುಸಿಯಂತೆ ತೇಲುವ ಕಪ್ಪು ಚುಕ್ಕೆಗಳು.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಆ ವಾರ ಮನೆಗೆ ಕಳಿಸುತ್ತೇವೆ ಎಂದಿದ್ದರು. ಹೇಳಿದರೆ ಮತ್ತೆ ಡ್ರಿಪ್ಪು, ಮತ್ತೆ ಊದುವ ಕಾಲು. ನಿಶ್ಶಕ್ತಿಗೆ ಹೀಗಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎದುರಿಗೆ ಬರುವ ಅಪಾಯವನ್ನು ಕಣ್ಣು ಬಿಟ್ಟು ನೋಡಿ ಎಂದು ಊರಿಗೆಲ್ಲ ಬೈದವಳು, ತನ್ನ ಸರದಿ ಬಂದಾಗ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕೂತಳು. ಊಟದ ತಟ್ಟೆಯಲ್ಲಿ ಲೋಟ ಎಲ್ಲಿದೆ ಎಂದು ಕೈಯಾಡಿಸುವಾಗ ನರ್ಸಿಗೆ ಅನುಮಾನ ಬಂತು.

ವೈರಸ್ಸು ಕಣ್ಣಿನ ಹಿಂಭಾಗಕ್ಕೆ ಹೊಕ್ಕಿತ್ತು. ಕಣ್ಣಿನೊಳಕ್ಕೇ ಚುಚ್ಚುಮದ್ದು ಕೊಟ್ಟರು. ಬಲಗಣ್ಣಿನ ಹಿಂದಿನ ಪರದೆ ಹಳೆಯ ಗೋಡೆಯ ಸುಣ್ಣದ ಹಾಗೆ ಕಿತ್ತುಬಂದು ಆ ಕಣ್ಣು ಪೂರ್ತಿ ಹೋಯಿತು. ಎಡಗಣ್ಣನ್ನು ಹೇಗೋ ಉಳಿಸಿಕೊಂಡರು, ಆದರೆ ಅದರ ನೋಟದಲ್ಲೂ ಒಂದು ತೂತು ಬಿತ್ತು. ನೇರ ನೋಡಿದರೆ ಎದುರಿನವರ ಬಾಯಿ ಕಾಣಿಸುತ್ತದೆ, ಕಿವಿ ಕಾಣಿಸುವುದಿಲ್ಲ. ಬೇಗ ಹೇಳಿದ್ದರೆ ಉಳಿಯುತ್ತಿತ್ತೇ ಎಂದು ಅವಳು ಕೇಳಿದಳು. ಸ್ವಲ್ಪ ಹೆಚ್ಚು ಉಳೀತಿತ್ತೋ ಏನೋ ಎಂದಳು ಡಾಕ್ಟರಮ್ಮ. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಒಂದೊಂದು ಸಲ ಅದು ದೊಡ್ಡ ಕ್ರೌರ್ಯ.

ಬ್ರೇಕಕ್ಕ ತಾನಾಗಿಯೇ ಹೋಗಿ ಲೈಸೆನ್ಸನ್ನು ಕಚೇರಿಯಲ್ಲಿ ಕೊಟ್ಟುಬಂದಳು. "ಇರ್ಲಿ ಬಿಡಿ ಬ್ರೇಕಕ್ಕ, ನೆನಪಿಗೆ ಇಟ್ಕೊಳ್ಳಿ" ಎಂದ ಗುಮಾಸ್ತ. "ನೆನಪು ಬೇಕಾದಷ್ಟಿದೆ, ಕಣ್ಣಿದ್ರೆ ಕೊಡು" ಎಂದಳು. ಅಲ್ಲಿದ್ದವರು ನಗಬೇಕೋ ಬೇಡವೋ ತಿಳಿಯದೆ ನೆಲ ನೋಡಿದರು. ಕಾರಿನಲ್ಲಿ ಕಲಿಸಲು ಅವಳ ಹಳೆಯ ಶಿಷ್ಯೆಯೊಬ್ಬಳು ಬಂದಳು. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ ನಾಲ್ಕನೆಯದರಲ್ಲಿ ಪಾಸಾದವಳು. "ಎಲ್ಲಾ ತಪ್ಪನ್ನೂ ಒಂದೊಂದು ಸಲ ಮಾಡಿದ್ದೀಯ, ನಿನಗಿಂತ ಒಳ್ಳೇ ಮೇಷ್ಟ್ರು ಎಲ್ಲಿ ಸಿಗ್ತಾರೆ" ಎಂದು ಕೀಲಿ ಕೊಟ್ಟಳು. ತಾನು ಗಾಜಿನ ಬಾಗಿಲ ಕೋಣೆಯಲ್ಲಿ ಕೂತು ಫೋನೆತ್ತುವುದು, ಗೋಡೆಯ ಪಟದ ಮೇಲೆ ಕೋಲಿಟ್ಟು ಸೂಚನೆಗಳನ್ನು ಹೇಳಿಕೊಡುವುದು. ಪಟ ಅವಳಿಗೆ ಬಾಯಿಪಾಠವಿತ್ತು. ಕೋಲು ಮಾತ್ರ ಆಗಾಗ ಒಂದು ಗೇಣು ಆಚೆಗೆ ಬೀಳುತ್ತಿತ್ತು.

ಹೀಗೆ ಎರಡು ವರ್ಷಕ್ಕೂ ಮೇಲಾಯಿತು. ರಕ್ತದ ಕ್ಯಾನ್ಸರ್ ಮರಳಲಿಲ್ಲ. ತಪಾಸಣೆಯ ಒಂದು ದಿನ ತಂಗಿಗೆ ರಜೆ ಸಿಗದೆ ಅಣ್ಣ ಕಾರಿನಲ್ಲಿ ಕರೆದುಕೊಂಡು ಹೋದ. ಅಣ್ಣ ಈಗೀಗ ಬರುತ್ತಿದ್ದ, ಹೋಗುತ್ತಿದ್ದ. ಏನೂ ನಡೆದೇ ಇಲ್ಲವೇನೋ ಎಂಬಂತೆ ಬೆನ್ನು ತಟ್ಟುತ್ತಿದ್ದ. ಬ್ರೇಕಕ್ಕ ಬೇಡವೆನ್ನುತ್ತಿರಲಿಲ್ಲ. ಕಣ್ಣಿಲ್ಲದವಳಿಗೆ ಕಾರು ಬೇಕು.

ಡಾಕ್ಟರಮ್ಮ ಫಲಿತಾಂಶ ನೋಡಿ, "ಒಂದೇ ಒಂದು ಕೆಟ್ಟ ಕಣ ಇಲ್ಲ" ಎಂದಳು.

"ಅಲ್ಲ ಡಾಕ್ಟ್ರೇ" ಎಂದಳು ಬ್ರೇಕಕ್ಕ, "ಆ ವೈರಸ್ಸು ಇಷ್ಟೆಲ್ಲಾ ತಿಂದುಂಡು ಹೋಯ್ತಲ್ಲ, ನಂಗೆ ಒಂದು ಚೂರಾದ್ರೂ ಉಪಕಾರ ಮಾಡ್ತಾ, ಇಲ್ವಾ?"

ತಮಾಷೆಗೆ ಕೇಳಿದ್ದು. ಡಾಕ್ಟರಮ್ಮ ಗಂಭೀರಳಾದಳು. "ವಿಚಿತ್ರ ಅಂದ್ರೆ, ಆ ಪ್ರಶ್ನೆ ನಮ್ಮವರೂ ಕೇಳ್ತಿದ್ದಾರೆ. ಕಸಿ ಆದ್ಮೇಲೆ ಈ ವೈರಸ್ ಎದ್ದವರಲ್ಲಿ ರಕ್ತದ ಕ್ಯಾನ್ಸರ್ ವಾಪಸ್ ಬರೋದು ಕಮ್ಮಿ ಅಂತ ಕೆಲವು ಕಡೆ ಕಂಡಿದೆ. ವೈರಸ್ ಜೊತೆ ಹೊಡೆದಾಡ್ತಾ ಹೊಸ ರಕ್ತ ಚುರುಕಾಗಿ, ಅಡಗಿರೋ ಕ್ಯಾನ್ಸರ್ ಕಣಾನೂ ಹುಡುಕಿ ಕೊಲ್ಲುತ್ತೇನೋ ಅಂತ ಒಂದು ಊಹೆ. ಆದ್ರೆ ಬೇರೆ ಕಡೆ ಲೆಕ್ಕ ಹಾಕಿದಾಗ ಹಾಗೇನೂ ಕಂಡಿಲ್ಲ. ಒಂದಂತೂ ನಿಜ. ವೈರಸ್ ಎದ್ದವರಲ್ಲಿ ಬೇರೆ ಬೇರೆ ತೊಂದರೆಯಿಂದ ಸಾಯೋರು ಜಾಸ್ತಿ. ಅದನ್ನ ಯಾರೂ ಬೇಕು ಅಂತ ಬಯಸಲ್ಲ. ನಿಮ್ಮ ವಿಷಯದಲ್ಲಿ ಏನಾಯ್ತು ಅಂತ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗೋದೂ ಇಲ್ಲ."

ಬ್ರೇಕಕ್ಕ ಅದರಲ್ಲಿ ಕೇಳಿಸಿಕೊಂಡದ್ದು ಕೊನೆಯ ಮಾತು. ಅಣ್ಣ ಕೇಳಿಸಿಕೊಂಡದ್ದು ಮೊದಲಿನದು.

ವಾಪಸು ಬರುವಾಗ ಕಾರಿನಲ್ಲಿ ಅವನು, "ನೋಡಿದ್ಯಾ" ಎಂದ.

ಆ ಮಾತು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ಅವಳಿಗೆ ತಿಳಿದದ್ದು ತಿಂಗಳಾದ ಮೇಲೆ, ಅಣ್ಣನ ಅಂಗಡಿಯಲ್ಲಿ. ಬಚ್ಚಲಿನ ನಲ್ಲಿಯೊಂದನ್ನು ಬದಲಿಸಬೇಕಿತ್ತು, ತಗೊಂಡುಹೋಗೋಣ ಎಂದು ಬಂದಿದ್ದಳು. ಸುತ್ತ ನೀರಿಲ್ಲದ ಬೇಸಿನ್ನುಗಳು, ಗೋಡೆಯಿಲ್ಲದ ಬಚ್ಚಲುಮನೆಗಳು. ಸಾಲಾಗಿ ಜೋಡಿಸಿದ್ದ ಕಮೋಡುಗಳಲ್ಲಿ ಒಂದರ ಮುಚ್ಚಳದ ಮೇಲೆ ಕೂತು ಕಾಯುತ್ತಿದ್ದಳು. ಅಂಗಡಿಯಲ್ಲಿ ಬೇರೆ ಕುರ್ಚಿ ಇರಲಿಲ್ಲ. ಹೊಸಮನೆ ಕಟ್ಟಿಸುತ್ತಿದ್ದ ಗಿರಾಕಿಯೊಬ್ಬ ಟೈಲ್ಸ್ ಆರಿಸುತ್ತ ಅಣ್ಣನ ಜೊತೆ ಮಾತಾಡುತ್ತಿದ್ದ. ಅವಳು ಕೂತದ್ದು ಅಣ್ಣನಿಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಿದನೋ, ಗೊತ್ತಿದ್ದದ್ದಕ್ಕೇ ಹೇಳಿದನೋ.

"ನಮ್ಮ ತಂಗೀನೇ ಸಾರ್. ಬ್ಲಡ್ ಕ್ಯಾನ್ಸರ್. ನಂದೂ ಹೊಂದಿತ್ತು, ಚಿಕ್ಕವಳದೂ ಹೊಂದಿತ್ತು. ನಾನು ಯೋಚನೆ ಮಾಡಿ, ಬೇಡ, ಚಿಕ್ಕವಳದೇ ಹಾಕ್ಸಿ ಅಂದೆ. ಆ ರಕ್ತಕ್ಕೇ ಆ ವೈರಸ್ ಎದ್ದಿದ್ದು, ಆ ವೈರಸ್ಸೇ ಕ್ಯಾನ್ಸರನ್ನ ತಿಂದುಹಾಕಿದ್ದು. ಡಾಕ್ಟ್ರೇ ಹೇಳಿದ್ರು ಸಾರ್, ನೀವು ಕೊಟ್ಟಿದ್ರೆ ಇವರು ಉಳೀತಿರ್ಲಿಲ್ಲ ಅಂತ."

"ಅಬ್ಬಾ" ಎಂದ ಗಿರಾಕಿ. "ನಿಮ್ಮ ಬಾಯಿಂದ ದೇವರೇ ಮಾತಾಡ್ಸಿದ್ದಾನೆ."

ಬ್ರೇಕಕ್ಕ ಮುಚ್ಚಳದ ಮೇಲಿಂದ ಎದ್ದಳು. "ಅಣ್ಣಾ, ಹಾಗಾದ್ರೆ ನನ್ನ ಕಣ್ಣು ಹೋಗಿದ್ದಕ್ಕೂ ನಿಂಗೇ ಕೈ ಮುಗೀಬೇಕಾ?"

ಗಿರಾಕಿಗೆ ಕೈಯಲ್ಲಿದ್ದ ಟೈಲನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಣ್ಣ ಮಾತ್ರ ತಬ್ಬಿಬ್ಬಾಗಲಿಲ್ಲ. ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಉತ್ತರವನ್ನು ಮೊದಲೇ ಹುರಿದು ಇಟ್ಟುಕೊಂಡಿದ್ದವನಂತೆ, ಮೆಲ್ಲಗೆ, ಪ್ರೀತಿಯಿಂದಲೇ ಕೇಳಿದ: "ಜೀವಕ್ಕಿಂತ ಕಣ್ಣು ದೊಡ್ಡದೇನಮ್ಮಾ?"

ಅವನು ಹೇಳಿದ್ದೆಲ್ಲ ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಡಾಕ್ಟರಮ್ಮ ಅವನಿಗೆ ಹಾಗೆ ಹೇಳಿರಲಿಲ್ಲ, ಅದು ಅಪ್ಪಟ ಸುಳ್ಳು. ಆದರೆ ಒಳಗೆ ನಡೆದದ್ದು ಹಾಗೆಯೇ ನಡೆದಿದ್ದರೆ? ಅವನು ಹೆದರಿ ಹಿಂದೆ ಸರಿದದ್ದರಿಂದಲೇ ತಾನು ಇಲ್ಲಿ ನಿಂತು ಉಸಿರಾಡುತ್ತಿದ್ದರೆ? ಮೋಸ ಮಾಡಿದವನನ್ನು ಬಯ್ಯುವ ಸುಖವೊಂದು ಅವಳ ಪಾಲಿಗೆ ಉಳಿದಿತ್ತು. ಯಾರೂ ಖಚಿತವಾಗಿ ಹೇಳಲಾಗದ ಒಂದು ಊಹೆ ಬಂದು ಅದನ್ನೂ ಕಿತ್ತುಕೊಂಡು ಹೋಗಿತ್ತು. ಹೇಡಿಯೊಬ್ಬ ಅವಳ ಕಾಯಿಲೆಯ ಮೇಲೆಯೇ ಮೆಟ್ಟಿಲು ಕಟ್ಟಿಕೊಂಡು ಹತ್ತಿ ಪುಣ್ಯವಂತನಾಗಿದ್ದ.

ಅವಳು ರಭಸದಿಂದ ಹೊರಟಳು. ಬಾಗಿಲು ಅವಳ ಬಲಕ್ಕಿತ್ತು. ಅರ್ಧ ತೆರೆದಿದ್ದ ಗಾಜಿನ ಅಂಚು ಹಣೆಗೆ ಬಡಿದು ಅಂಗಡಿಯೆಲ್ಲ ಝಣ್ ಎಂದಿತು.

"ನೋಡ್ಕೊಂಡು ಹೋಗಮ್ಮಾ!" ಎಂದು ಹಿಂದಿನಿಂದ ಓಡಿಬಂದ ಅಣ್ಣ.

ಸಂಜೆ ಮನೆಯಲ್ಲಿ ಹಣೆಯ ಬುಗುಟೆಗೆ ಒದ್ದೆ ಬಟ್ಟೆ ಒತ್ತಿದವಳು ತಂಗಿ. ಕಣ್ಣು ಹೋದಾಗಿನಿಂದ ತಂಗಿ ದಿನವೂ ಬರುತ್ತಿದ್ದಳು. ಕೆಲಸ ಮುಗಿಸಿ ಬಂದು ಅಡುಗೆ ಮಾಡುವಳು, ಬಟ್ಟೆ ಒಗೆಯುವಳು, ಅಕ್ಕನ ಮಾತ್ರೆಗಳನ್ನು ಬೆಳಿಗ್ಗೆಗೆ ಬೇರೆ ರಾತ್ರಿಗೆ ಬೇರೆ ಮಾಡಿಡುವಳು. ಬೇಡವೆಂದರೂ ನೆಲ ಒರೆಸುವಳು. ಪ್ರೀತಿಗೆ ಮಾಡುವ ಕೆಲಸಕ್ಕೆ ನಡುವೆ ಒಂದಿಷ್ಟು ಹರಟೆ, ಒಂದಿಷ್ಟು ಸೋಮಾರಿತನ ಇರುತ್ತದೆ. ಇವಳದು ಹಾಗಿರಲಿಲ್ಲ, ಜೈಲಿನಲ್ಲಿ ಶಿಕ್ಷೆ ತೀರಿಸುವವರ ಕೆಲಸ. ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಅಕ್ಕನ ಜೊತೆಗೂ ಹೆಚ್ಚು ಆಡುತ್ತಿರಲಿಲ್ಲ.

"ಬಾಗಿಲು ಕಾಣ್ಲಿಲ್ವಾ ಅಕ್ಕಾ?"

"ಕಂಡಿದ್ರೆ ಯಾಕೆ ಮುದ್ದು ಮಾಡ್ತಿದ್ದೆ ಅದನ್ನ?"

ತಂಗಿ ನಗಲಿಲ್ಲ. "ನನ್ನಿಂದ" ಎಂದಳು.

"ಏನು ನಿನ್ನಿಂದ?"

"ಅವತ್ತು ಡಾಕ್ಟ್ರು ಹೇಳಿದ್ರಲ್ಲ. ನನ್ನ ರಕ್ತಕ್ಕೆ ಗೊತ್ತಿಲ್ಲ ಅಂತ. ನೀನೇ ಅಂದ್ಯಲ್ಲ ಎಲ್‌ಬೋರ್ಡು ಅಂತ. ನಂದು ಹಾಕಿದ್ದಕ್ಕೇ ನಿನ್ನ ಕಣ್ಣು ಹೋಯ್ತು."

ಬ್ರೇಕಕ್ಕ ತಾನು ಅಂದು ಆಡಿದ ತಮಾಷೆ ನೆನೆದು ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ನಕ್ಕು ಮರೆತದ್ದನ್ನು ಇವಳು ಇಷ್ಟು ದಿನ ಎದೆಗೆ ಪಿನ್ನು ಮಾಡಿಕೊಂಡು ಓಡಾಡಿದ್ದಳು.

"ಹುಚ್ಚಿ. ನೀನು ಕೊಡದೇ ಇದ್ದಿದ್ರೆ ನಾನೇ ಇರ್ತಿರ್ಲಿಲ್ಲ."

"ಅಣ್ಣಂದು ಇತ್ತಲ್ಲ."

"ಅವನು ಕೊಡಲ್ಲ ಅಂದ್ನಲ್ಲ."

"ನಾನೂ ಆಗಲ್ಲ ಅಂದಿದ್ರೆ ಅವನು ಕೊಡ್ಲೇಬೇಕಿತ್ತು. ನಾನು ಮುಂದೆ ಬಿದ್ದು ಕೊಡ್ತೀನಿ ಅಂದೆ. ನಾನು ಸುಮ್ಮನಿದ್ದಿದ್ರೆ ನಿನ್ನ ಕಣ್ಣು ಇರ್ತಿತ್ತು ಅಕ್ಕಾ."

ಓಡಿಹೋದವನು ತಲೆಯೆತ್ತಿಕೊಂಡು ಟೈಲ್ಸ್ ಮಾರುತ್ತಿದ್ದ. ಕಣ್ಣು ಮುಚ್ಚಿಕೊಂಡು ರಕ್ತ ಕೊಟ್ಟವಳು ಇಲ್ಲಿ ಅಪರಾಧಿಯಾಗಿ ನಿಂತಿದ್ದಳು. ಬ್ರೇಕಕ್ಕ ಎಷ್ಟೋ ಮಾತು ಹೇಳಿ ನೋಡಿದಳು. ನೀನು ಮಾಡಿದ್ದು ಯಾರೂ ಮಾಡಲ್ಲ ಅಂದಳು. ನಾನೇ ತಡವಾಗಿ ಹೇಳಿದೆ, ತಪ್ಪು ನಂದು ಅಂದಳು. ಒಂದೂ ನಾಟಲಿಲ್ಲ. ತಂಗಿ ತಲೆ ಆಡಿಸುತ್ತಲೇ ಇದ್ದಳು. ಆ ತಲೆಯೊಳಗೆ ಕೂತದ್ದನ್ನು ಕೀಳಬಲ್ಲ ಮಾತು ಲೋಕದಲ್ಲಿ ಒಂದೇ ಇತ್ತು. ಅದು ಅಣ್ಣನ ಮಾತು. ಅದನ್ನು ಬಾಯಿಗೆ ತಂದುಕೊಳ್ಳುವುದೆಂದರೆ ಉಗುಳಿದ್ದನ್ನು ನೆಕ್ಕಿದ ಹಾಗೆ.

ಅವಳು ಒದ್ದೆ ಬಟ್ಟೆಯನ್ನು ಹಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಕೇಳು ಇಲ್ಲಿ. ನಿಂಗೆ ಹೇಳಿರ್ಲಿಲ್ಲ. ಹೋದ ಸಲ ಡಾಕ್ಟರಮ್ಮ ಹೇಳಿದ್ರು. ಆ ವೈರಸ್ ಎದ್ದಿದ್ದಕ್ಕೇ ಕ್ಯಾನ್ಸರ್ ವಾಪಸ್ ಬರ್ಲಿಲ್ಲ ಅಂತ. ನಿನ್ನ ರಕ್ತ ಅದರ ಜೊತೆ ಹೊಡೆದಾಡಿ ಹೊಡೆದಾಡಿ ಗಟ್ಟಿಯಾಗಿ, ಕ್ಯಾನ್ಸರನ್ನೂ ಕೊಂದು ಹಾಕ್ತಂತೆ. ಗೊತ್ತಿರೋ ರಕ್ತ ಬಂದಿದ್ರೆ ಅದು ಮಲಗಿರೋದನ್ನ ಹಾಗೇ ಮಲಗಿಸಿ ಸುಮ್ಮನಾಗ್ತಿತ್ತು. ಆಮೇಲೆ ಕ್ಯಾನ್ಸರ್ ಬಂದು ನನ್ನ ಹೊತ್ಕೊಂಡು ಹೋಗ್ತಿತ್ತು."

ಕೆಲವು ಕಡೆ ಹಾಗೆ ಕಂಡಿದೆ, ಕೆಲವು ಕಡೆ ಕಂಡಿಲ್ಲ ಎಂಬುದನ್ನು ಬಿಟ್ಟಳು. ಸಾಯುವವರೇ ಹೆಚ್ಚು ಎಂಬುದನ್ನು ಬಿಟ್ಟಳು. ಯಾರಿಗೂ ಗೊತ್ತಾಗುವುದಿಲ್ಲ ಎಂಬುದನ್ನಂತೂ ಬಿಟ್ಟೇ ಬಿಟ್ಟಳು.

"ಡಾಕ್ಟ್ರೇ ಹೇಳಿದ್ರಾ?"

"ಹೂಂ."

"ನಿಜವಾಗ್ಲೂ?"

"ಹೂಂ ಅಂದ್ನಲ್ಲೇ."

ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ಹೊತ್ತು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡಾಗ ಅವಳ ದನಿ ಬೇರೆಯೇ ಆಗಿತ್ತು, ಚಿಕ್ಕಂದಿನಲ್ಲಿ ಆಟದಲ್ಲಿ ಗೆದ್ದಾಗ ಬರುತ್ತಿದ್ದಂಥ ದನಿ. ಬ್ರೇಕಕ್ಕ ಎಡಗಣ್ಣನ್ನು ಓರೆಮಾಡಿ, ತೂತಿನ ಪಕ್ಕದಿಂದ ಅವಳ ಮುಖವನ್ನು ಹುಡುಕಿ ನೋಡಿದಳು. ನಗುತ್ತಿದ್ದಳು.

"ಹಾಗಾದ್ರೆ ಅಕ್ಕಾ" ಎಂದಳು ತಂಗಿ, "ಅಣ್ಣ ಕೊಡದೇ ಇದ್ದಿದ್ದೇ ಒಳ್ಳೇದಾಯ್ತು ಅಲ್ವಾ? ಪಾಪ, ನಾನು ಸುಮ್ಮನೆ ಅವನ ಹತ್ರ ಮಾತು ಬಿಟ್ಟಿದ್ದೆ."

ಬ್ರೇಕಕ್ಕ ಮಡಿಲಲ್ಲಿದ್ದ ಒದ್ದೆ ಬಟ್ಟೆಯನ್ನು ಮತ್ತೆ ಹಣೆಗೆ ಒತ್ತಿಕೊಂಡಳು.

"ಹೂಂ. ಒಳ್ಳೇದೇ ಆಯ್ತು."

ತಂಗಿ ಅಲ್ಲಿಯೇ ಇದ್ದ ಫೋನೆತ್ತಿ ಅಣ್ಣನಿಗೆ ಮಾಡಿದಳು. ಅಷ್ಟು ದಿನ ಕಟ್ಟಿಹಾಕಿದ್ದ ಮಾತು ಹೊಳೆಯಾಗಿ ಹರಿಯಿತು. ಆಚೆಯಿಂದ ಅಣ್ಣನ ದೊಡ್ಡ ನಗು ಕೋಣೆಗೆಲ್ಲ ಕೇಳಿಸಿತು. "ನಾನು ಅವತ್ತೇ ಹೇಳ್ಲಿಲ್ವೇನೇ" ಎನ್ನುತ್ತಿದ್ದ. ತಂಗಿಯ ಗಲ್ಲದ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ, ಹೌದಣ್ಣಾ ಹೌದಣ್ಣಾ ಎಂದು ನಗುತ್ತಿದ್ದಳು. ಆಮೇಲೆ ಫೋನನ್ನು ಅಕ್ಕನ ಕಡೆಗೆ ಚಾಚಿದಳು.

"ಅಣ್ಣ ನಿನ್ನ ಹತ್ರ ಮಾತಾಡ್ಬೇಕಂತೆ. ಹಣೆಗೆ ಜೋರಾಗಿ ಪೆಟ್ಟಾಯ್ತಾ ಅಂತ ಕೇಳ್ತಿದ್ದಾನೆ."

ಬ್ರೇಕಕ್ಕ ಕೈ ಚಾಚಿದಳು. ಮೊದಲ ಸಲ ಕೈ ಗಾಳಿಯನ್ನು ಹಿಡಿಯಿತು. ಎರಡನೆಯ ಸಲ ಫೋನು ಸಿಕ್ಕಿತು.

"ಹೇಳಣ್ಣ" ಎಂದಳು.